ಮಾಸ್ಕ್ ಇಳಿಸಿ ಹೇಳಿದ ಮಾತು

"ಕೆಪ್ಪಿ ಮುಂಡೆ, ಕಿವಿ ಹೋದದ್ದು ಸಾಲ್ದಾ, ಕಣ್ಣೂ ಹೋಯ್ತಾ ನಿಂದು?"

ಇದನ್ನು ಹೇಳುವುದಕ್ಕಾಗಿ ಧಣಿ ಕೃಷ್ಣರಾಜ ರಾಯರು ಮಾಸ್ಕನ್ನು ಗಲ್ಲದ ಕೆಳಕ್ಕೆ ಎಳೆದುಕೊಂಡಿದ್ದರು. ಹಾಗಾಗಿ ಒಂದಕ್ಷರವೂ ತಪ್ಪದೆ ನನಗೆ ತಿಳಿಯಿತು.

ಗಿರಾಕಿಯೊಬ್ಬ ಅರ್ಧ ಗಂಟೆಯಿಂದ ಪಾರ್ಸೆಲ್ಲಿಗೆ ಕಾಯುತ್ತಿದ್ದ. ಸಪ್ಲೈಯರ್ ಮಿಥುನ್ ಬಾಗಿಲಿನಿಂದಲೇ ಅವನ ಆರ್ಡರ್ ಕೂಗಿದ್ದನಂತೆ, ಮಾಸ್ಕಿನೊಳಗಿಂದ. ನಾನು ಬಿಸಿ ಸಾಂಬಾರಿನ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದೆ.

ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರಕ್ಕೆ ನನ್ನ ಕಿವಿ ಹೋಯಿತು. ಮಾತು ಉಳಿಯಿತು. ನನ್ನ ಸ್ವರ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ. ಜನ ತಿರುಗಿ ನೋಡಿಯಾರೆಂದು ಅಂದಿನಿಂದಲೂ ಮೆಲ್ಲಗೆ ಮಾತಾಡುತ್ತೇನೆ. ಇಲ್ಲಿ ಚೆನ್ನೈಯಲ್ಲೇ ಬಿ.ಕಾಂ. ಮುಗಿಸಿದೆ. ಎರಡು ವರ್ಷದಲ್ಲಿ ಅರುವತ್ತೊಂದು ಅರ್ಜಿ ಹಾಕಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಫೋನ್ ತೆಗೆಯಲು ಬರುತ್ತದೆಯೇ? ಕೊನೆಗೆ ಸಿಕ್ಕಿದ್ದು ವೇಲಚೇರಿಯಲ್ಲಿ ನಮ್ಮೂರಿನವರ ಈ ಹೋಟೆಲಿನ ಪಾರ್ಸೆಲ್ ಕಿಂಡಿ, ಒಂದೇ.

ಇಲ್ಲಿ ಆರ್ಡರ್ ಬರೆಯುವ ಪದ್ಧತಿಯಿಲ್ಲ. ಸಪ್ಲೈಯರ್ ಕೂಗುತ್ತಾನೆ: "ಎರಡು ಇಡ್ಲಿ, ಒಂದು ವಡೆ, ಪಾರ್ಸೆಲ್!" ಒಳಗಿನವರು ಅದನ್ನು ಹಾಗೆಯೇ ತಿರುಗಿ ಕೂಗಬೇಕು, ಆಗ ಆರ್ಡರ್ ತಲುಪಿದ ಹಾಗೆ. ಕೊರೊನಾ ಬರುವ ಮೊದಲು ನಾನು ಮಿಥುನನ ತುಟಿ ನೋಡಿಯೇ ಪೊಟ್ಟಣ ಕಟ್ಟಲು ಶುರುಮಾಡುತ್ತಿದ್ದೆ. ದೋಸೆ ಕಾವಲಿಯ ಮುಂದಿನ ಕಾಂತಪ್ಪಣ್ಣ ತಿರುಗಿ ಕೂಗುವಾಗ ಇಡ್ಲಿ ಎಲೆಯ ಮೇಲಿರುತ್ತಿತ್ತು. ಆಗ ಅಂಗವಿಕಲಳಿಗೆ ಕೆಲಸ ಕೊಟ್ಟವರೆಂದು, ತಾವು ನನಗೆ ಹೂಗುಚ್ಛ ಕೊಡುವ ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಧಣಿ ಗಲ್ಲಾದ ಮೇಲೆ ತೂಗುಹಾಕಿದ್ದರು. ಅದು ಇನ್ನೂ ಅಲ್ಲೇ ಇದೆ.

ಲಾಕ್‌ಡೌನ್ ಸಡಿಲವಾಗಿ ಹೋಟೆಲು ತೆರೆದಾಗ ತುಟಿಗಳೆಲ್ಲ ಮುಚ್ಚಿದ್ದವು. ಒಂದು ವಾರ ನೋಡಿದೆ; ಆ 'ಕೆಪ್ಪಿ ಮುಂಡೆ' ತಿಂದದ್ದು ಆ ವಾರವೇ. ನಂತರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಎರಡು ಹಾಳೆ ಪ್ರಿಂಟ್ ಹಾಕಿಸಿ, ಒಂದು ಚೀಟಿ ಪುಸ್ತಕವನ್ನೂ ಕೊಂಡು, ಧಣಿಯ ಮುಂದೆ ಇಟ್ಟೆ.

"ಮಾಸ್ಕ್ ತೆಗೀರಿ ಅಂತ ನಾನು ಹೇಳ್ತಾ ಇಲ್ಲ, ಧಣಿ. ಆರ್ಡರನ್ನು ಚೀಟಿಯಲ್ಲಿ ಬರೆದು ಕೊಡ್ಲಿಕ್ಕೆ ಹೇಳಿ, ಸಾಕು. ಕಾನೂನಲ್ಲಿ ಉಂಟು."

ಮಾಸ್ಕ್ ಇಳಿಯಿತು. "ಕಾನೂನಾ? ನಂಗೆ ಕಾನೂನು ಕಲಿಸ್ಲಿಕ್ಕೆ ಬಂದ್ಯಾ? ನಾನು ಕೆಲ್ಸ ಕೊಡದಿದ್ರೆ ನಿನ್ನನ್ನು ಯಾವ ನಾಯಿ ಮೂಸಿ ನೋಡ್ತಿತ್ತು? ಮೂವತ್ತು ವರ್ಷದಿಂದ ಇಲ್ಲಿ ಕೂಗಿಯೇ ಹೇಳುದು. ಒಂದು ಕೆಪ್ಪಿಗೋಸ್ಕರ ಇನ್ನು ಶಾಲೆ ತೆಗೀಬೇಕಾ?"

ಹಾಳೆಗಳನ್ನು ವಡೆಯ ಎಣ್ಣೆ ಹೀರಲು ಒಳಗೆ ಕಳಿಸಿದರು. ಚೀಟಿ ಪುಸ್ತಕ ನನ್ನಲ್ಲೇ ಉಳಿಯಿತು.

ಆ ಭಾನುವಾರ ಸೀರೆಯ ಪ್ಲಾಸ್ಟಿಕ್ ಕವರ್ ಕತ್ತರಿಸಿ, ಬಾಯಿಯ ಜಾಗದಲ್ಲಿ ಪಾರದರ್ಶಕ ಕಿಟಕಿಯಿರುವ ಆರು ಮಾಸ್ಕ್ ಹೊಲಿದೆ. ಮರುದಿನ ಮಿಥುನ್ ಒಂದನ್ನು ಹಾಕಿಕೊಂಡು, "ಅಕ್ಕಾ, ಇನ್ನು ನಾನು ವೀಳ್ಯ ತಿಂದದ್ದೂ ಊರಿಗೆಲ್ಲ ಗೊತ್ತಾಗ್ತದೆ ಮಾರಾಯ್ತಿ!" ಎಂದ. ಮಧ್ಯಾಹ್ನದವರೆಗೆ ಒಂದು ಆರ್ಡರೂ ತಪ್ಪಲಿಲ್ಲ. ಊಟದ ಹೊತ್ತಿಗೆ ಧಣಿ ಅವನ ಮುಖದಿಂದ ಅದನ್ನು ಕಿತ್ತರು.

"ಎಂತದಾ ಇದು, ಮಂಗನ ಮೂತಿಗೆ ಕಿಟಕಿಯಾ?"

ಆರನ್ನೂ ಎಂಜಲು ಬಕೆಟ್ಟಿಗೆ ಹಾಕಿದರು. ಎಲ್ಲರೂ ನಕ್ಕರು. ಮಾಸ್ಕಿನ ಹಿಂದಿನ ನಗು ಭುಜಗಳಲ್ಲಿ ಕಾಣುತ್ತದೆ. ಮಿಥುನನ ಭುಜವೂ ಅಲುಗಿತು.

ನಾನು ಒಂದು ಸಂಗತಿ ಗಮನಿಸುತ್ತ ಬಂದೆ. ಆರ್ಡರ್ ಹೇಳುವಾಗ ಯಾರ ಮಾಸ್ಕೂ ಇಳಿಯುವುದಿಲ್ಲ, ಬೈಯುವಾಗ ಇಳಿಯುತ್ತದೆ. ಚೀಟಿ ಪುಸ್ತಕ ಖಾಲಿಯಿತ್ತಲ್ಲ, ತುಟಿಯಲ್ಲಿ ಓದಿದ ಬೈಗುಳಗಳನ್ನು, ಹಿಂದಿನವನ್ನೂ ಸೇರಿಸಿ, ಅದರಲ್ಲಿ ಬರೆದಿಡತೊಡಗಿದೆ. ಮಾತು, ವಾರ, ಆಡಿದವರ ಹೆಸರು. ಸರ್ಕಾರಕ್ಕೂ ಒಂದು ದೂರು ಬರೆದೆ.

ಮೂರು ವಾರದ ಮೇಲೆ, ಇವತ್ತು, ಅಧಿಕಾರಿಯೊಬ್ಬರು ಬಂದರು. ನನ್ನನ್ನು ಮಾತಾಡಿಸಲಿಲ್ಲ. ಮೂಲೆಯ ಮೇಜಿನಲ್ಲಿ ಧಣಿಯ ಎದುರು ಕೂತರು. ಕಾಫಿ ಬಂತು. ಕುಡಿಯಲು ಇಬ್ಬರೂ ಮಾಸ್ಕ್ ಇಳಿಸಿದರು. ಕಿಂಡಿಯಿಂದ ಆ ಮೇಜಿಗೆ ಇಪ್ಪತ್ತು ಅಡಿ. ಕಾಲೇಜಿನಲ್ಲಿ ತಮಿಳು ತುಟಿಗಳನ್ನು ಓದಿಯೇ ನಾನು ಪಾಸಾದವಳು.

"ಸೈನ್ ವಾಂಗಿಡುಂಗ ಸಾರ್," ಎಂದರು ಅಧಿಕಾರಿ. "ಅವಳೇ ಪೋಯಿಟ್ಟಾನಾ ಪ್ರಚನೈ ಇಲ್ಲೆ." ಸಹಿ ತೆಗೆದುಕೊಳ್ಳಿ, ಅವಳಾಗಿಯೇ ಹೋದರೆ ತೊಂದರೆಯಿಲ್ಲ.

ಕಾಫಿ ಮುಗಿದ ಮೇಲೆ ಧಣಿ ಒಂದು ಹಾಳೆ, ಒಂದು ಪೆನ್ನು ತಂದು ಕಿಂಡಿಯ ಹಲಗೆಯ ಮೇಲಿಟ್ಟರು. 'ಆರೋಗ್ಯದ ಕಾರಣ ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ.' ಕೆಳಗೆ ನನ್ನ ಹೆಸರು ವೀಕ್ಷಾ, ಟೈಪ್ ಆಗಿತ್ತು.

"ಹಾಕು. ಆಫೀಸರ್ ಎದ್ದು ಹೋಗುದ್ರೊಳಗೆ."

ಕಾಂತಪ್ಪಣ್ಣ ಕಾವಲಿಯ ಹಬೆಯ ಹಿಂದೆ ಮಾಸ್ಕ್ ಜಗ್ಗಿ ತುಟಿ ಆಡಿಸಿದರು. "ಹಾಕಿ ಹೋಗು ಮಗಾ. ಇಲ್ಲದಿದ್ರೆ ನಮ್ಮನ್ನೂ ಓಡಿಸ್ತಾನೆ ಆ ಬೇವರ್ಸಿ."

ಸಹಿ ಹಾಕಿದರೆ ಕೆಲಸವಿಲ್ಲ, ದೂರೂ ಇಲ್ಲ. ಮತ್ತೆ ಅರುವತ್ತೆರಡನೆಯ ಅರ್ಜಿ. ಪೆನ್ನಿನ ಬದಲು ಚೀಟಿ ಪುಸ್ತಕ ತೆಗೆದುಕೊಂಡೆ. ಹಾಲ್ ತುಂಬ ಗಿರಾಕಿಗಳು, ಬಾಗಿಲಲ್ಲಿ ಪಾರ್ಸೆಲ್ಲಿಗೆ ನಿಂತವರು. ಮಾಸ್ಕ್ ಇಳಿಸಿದೆ. ಹೊಟ್ಟೆಯಾಳದಿಂದ ಉಸಿರೆಳೆದು, ಈ ಹೋಟೆಲಿನ ಪದ್ಧತಿಯಂತೆ ಕೂಗಿದೆ.

"ಕೆಪ್ಪಿ ಮುಂಡೆ ಒಂದು, ಪಾರ್ಸೆಲ್! ಹೇಳಿದ್ದು ಧಣಿ, ಮಂಗಳವಾರ!"

ತಲೆಗಳು ತಿರುಗಿದವು.

"ಯಾವ ನಾಯಿ ಮೂಸಿ ನೋಡ್ತಿತ್ತು, ಒಂದು! ಧಣಿ, ಶುಕ್ರವಾರ! ಅವಳೇ ಪೋಯಿಟ್ಟಾನಾ ಪ್ರಚನೈ ಇಲ್ಲೆ, ಒಂದು! ಆಫೀಸರ್, ಈಗ!"

ಅಧಿಕಾರಿಯ ಮೇಜಿನ ಮೇಲೆ ಲೋಟ ಉರುಳಿತು. ನಾನು ಒಳಗೆ ತಿರುಗಿ ನೋಡಿದೆ. ಕಾಂತಪ್ಪಣ್ಣ ಸಟ್ಟುಗ ಹಿಡಿದು ನಿಂತಿದ್ದರು. ಕಾವಲಿಯ ಮೇಲೆ ದೋಸೆ ಕಪ್ಪಾಗುತ್ತಿತ್ತು. ಮೂವತ್ತು ವರ್ಷದ ಅಭ್ಯಾಸವೋ ಮತ್ತೇನೋ, ಅವರ ಕೈ ಮಾಸ್ಕಿಗೆ ಹೋಯಿತು, ಕೆಳಗೆಳೆಯಿತು. ಕತ್ತಿನ ನರ ಉಬ್ಬಿತು.

"ಕೆಪ್ಪಿ ಮುಂಡೆ ಒಂದು, ಪಾರ್ಸೆಲ್!" ಎಂದು ಅವರ ತುಟಿಗಳು ತಿರುಗಿ ಕೂಗಿದವು. "ಹೇಳಿದ್ದು ಧಣಿ!"

ಧಣಿ ತಮ್ಮ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡರು. ನಾನು ಪುಸ್ತಕದ ಮುಂದಿನ ಹಾಳೆ ತಿರುಗಿಸಿದೆ.