ಯಾರನ್ನೂ ಏಣಿ ಹತ್ತಿಸದ ಬೈರಣ್ಣ

ನಮ್ಮೂರು ಮಧುರೆಯ ಬೀದಿಗಳಲ್ಲಿ ಯಾರಾದರೂ ಏಣಿಯ ಮೇಲಿರುವುದು ಕಣ್ಣಿಗೆ ಬಿದ್ದರೆ ಸಾಕು, ಬೈರಣ್ಣ ಹೊರಟಿದ್ದ ಕೆಲಸವನ್ನು ಮರೆತು, ಗುರುತು ಪರಿಚಯ ಇಲ್ಲದವರಾದರೂ ಸರಿಯೇ, ಏಣಿಯ ಬುಡವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೇಲಿದ್ದವರು ಇಳಿದು ನೆಲ ಮುಟ್ಟುವವರೆಗೂ ಕದಲದೆ ನಿಂತಿರುತ್ತಾರೆ. ಕೇಬಲ್ ಎಳೆಯುವವರು ನಗುತ್ತಾರೆ. ಅರವತ್ತು ದಾಟಿದ, ಎಡಗಾಲನ್ನು ತುಸು ಎಳೆದು ನಡೆಯುವ, ಬಿರುಬೇಸಿಗೆಯಲ್ಲೂ ಖಾಕಿ ಸ್ವೆಟರ್ ಬಿಚ್ಚದ ಈ ಮನುಷ್ಯನಿಗೆ ಆ ನಗು ಕೇಳಿಸುವುದೇ ಇಲ್ಲ.

ಮಳೆನೀರು ಹರಿಯುವ ಸೂರಿನಂಚಿನ ತಗಡಿನ ದೋಣಿಗಳನ್ನು ಮಳೆಗಾಲಕ್ಕೆ ಮುನ್ನ ಚೊಕ್ಕಟ ಮಾಡುವುದು ಅವರ ಕಸುಬು. ನೆಲದ ಮೇಲೆ ನಿಂತೇ ಮಾಡುವುದು ಅವರ ಹಠ. ಹೊಂಗೆಯ ಹೂವು, ಎಲೆ ಉದುರಿ ದೋಣಿಯಲ್ಲಿ ಕೊಳೆತರೆ ನೆಲದಡಿಯ ತೊಟ್ಟಿಗೆ ಹೋಗಬೇಕಾದ ನೀರು ಗೋಡೆಗೆ ಇಳಿಯುತ್ತದೆ. ಅದಕ್ಕೆಂದು ಬಿದಿರಿನ ಗಳದ ತುದಿಗೆ ಸೌಟು ಬಗ್ಗಿಸಿ ಕಟ್ಟಿದ್ದಾರೆ, ನೀರಿನ ಪೈಪನ್ನು ಬೆಂಕಿಗೆ ಹಿಡಿದು ಕೊಕ್ಕೆ ಮಾಡಿದ್ದಾರೆ, ದೋಣಿಯ ಒಳಗನ್ನು ಕೆಳಗಿನಿಂದಲೇ ಕಾಣಲು ಹಳೆಯ ಸ್ಕೂಟರಿನ ಕನ್ನಡಿಯನ್ನು ಇನ್ನೊಂದು ಗಳಕ್ಕೆ ಬಿಗಿದಿದ್ದಾರೆ. ಒಂದು ಗಂಟೆಯ ಕೆಲಸಕ್ಕೆ ಅರ್ಧ ದಿನ. ಮೈಮೇಲೆಲ್ಲ ಕೊಳೆತ ಎಲೆ. ನಮ್ಮ ಮನೆಯ ಕೆಲಸಕ್ಕೆ ಬಂದಿದ್ದಾಗ ಏಣಿ ತರಲೇ ಎಂದು ಒಮ್ಮೆ ಕೇಳಿಬಿಟ್ಟೆ.

"ಏಣಿ ಹಾಕೋ ಮನೆಗೆ ನಾನು ಬರಲ್ಲ ಮೇಷ್ಟ್ರೆ" ಎಂದು ಗಳ ಹೆಗಲಿಗೇರಿಸಿ ಹೊರಟೇಹೋದರು. ನನಗೆ ಕೋಪ ಬಂತು. ಕಾರಣ ತಿಳಿದ ಮೇಲೆ ನಾಚಿಕೆಯಾಯಿತು.

ನಾಲ್ಕು ವರ್ಷದ ಹಿಂದೆ ಅಣ್ಣತಮ್ಮಂದಿರಿಬ್ಬರೂ ಈ ಕೆಲಸವನ್ನು ಏಣಿ ಹಾಕಿಯೇ ಮಾಡುತ್ತಿದ್ದರು. ತಮ್ಮ ಮುನೀಂದ್ರ ಮೇಲೆ, ಬೈರಣ್ಣ ಬುಡದಲ್ಲಿ. ಒಂದು ದಿನ ಬೀದಿಯಲ್ಲಿ ಊರ ಹಿರಿಯರೊಬ್ಬರ ಹೆಣ ಹೊರಟಿತ್ತು. ತಮಟೆ ಹತ್ತಿರವಾದಾಗ ಬೈರಣ್ಣ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಚಪ್ಪಲಿ ಕಳಚಿ, ತಿರುಗಿ ನಿಂತು ಕೈಮುಗಿದರು. ಅಣ್ಣ ಹಿಡಿದಿದ್ದಾನೆಂಬ ಧೈರ್ಯದಲ್ಲಿ ಮುನೀಂದ್ರನೂ ಮೇಲಿನಿಂದಲೇ ತಿರುಗಿ ಕೈಮುಗಿದ. ಏಣಿ ಜಾರಿತು. ಬಿದ್ದವನಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿಹೋಯಿತು.

ಅಂದಿನಿಂದ ಮುನೀಂದ್ರ ಅಣ್ಣನೊಡನೆ ಮಾತು ಬಿಟ್ಟ. ಇರುವುದು ಒಂದೇ ಮನೆಯಲ್ಲಿ. ಮೈ ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಬೈರಣ್ಣನೇ. ಹೊಸ ಸಲಕರಣೆ ಮಾಡಿದಾಗಲೆಲ್ಲ ಮೊದಲು ತಮ್ಮನ ಮಂಚದ ಬಳಿ ಒಯ್ದು ತೋರಿಸುತ್ತಿದ್ದರು, ಅವನು ಮುಖ ತಿರುಗಿಸುತ್ತಿದ್ದ. ಒಂದು ಮಾತು, ಬೈಗುಳವಾದರೂ ಸರಿ, ಅವನ ಬಾಯಿಂದ ಬರಲಿ ಎಂಬುದೊಂದೇ ಈ ಜೀವದ ಆಸೆಯಾಗಿತ್ತು.

ಈ ಸಲ ಭರಣಿ ಮಳೆಗೆ ಮುಂಚೆ ನಾನೇ ಅವರನ್ನು ಕರೆಯಲು ಹೋಗಿದ್ದೆ. ಬೈರಣ್ಣ ಹೊಸದೊಂದು ಗಳವನ್ನು ಮಂಚದ ಪಕ್ಕ ಹಿಡಿದು, "ನೋಡಪ್ಪಾ, ಇನ್ಮೇಲೆ ಯಾರೂ ಹತ್ತೋದೇ ಬ್ಯಾಡ" ಎನ್ನುತ್ತಿದ್ದರು. ಮುನೀಂದ್ರ ಬಹಳ ಹೊತ್ತು ಅದನ್ನೇ ನೋಡಿದ.

"ಕೈ ಮುಗ್ದಿದ್ದು ತಪ್ಪಲ್ಲ ಕಣಣ್ಣ" ಎಂದ. "ಏಣಿ ಬಿಡ್ತೀನಿ ಅಂತ ಒಂದ್ ಮಾತು ಅಂದಿದ್ರೆ, ನಾನು ಸೂರು ಹಿಡ್ಕೊಂಡಿರ್ತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈರಣ್ಣ "ಹೌದು ಕಣಪ್ಪಾ" ಎಂದವರು ಗಳವನ್ನು ಗೋಡೆಗೊರಗಿಸಿ ನೆಲದ ಮೇಲೆ ಕುಳಿತುಬಿಟ್ಟರು. ಆ ದಿನ ಕೆಲಸಕ್ಕೆ ಬರಲಿಲ್ಲ, ಮರುದಿನವೂ ಬರಲಿಲ್ಲ.

ತಮ್ಮಿಂದಾದ ಅನಾಹುತ ಇನ್ನೊಬ್ಬರ ಮನೆಯಲ್ಲಿ ಆಗದಿರಲೆಂದು ಬದುಕೆಲ್ಲ ದುಡಿಯುವವರಿದ್ದಾರೆ. ಅವರ ದುಡಿಮೆಯ ನೆರಳಲ್ಲಿ ನಮ್ಮಂಥವರು ಕ್ಷೇಮವಾಗಿರುತ್ತೇವೆ. ಕ್ಷಮೆ ಸಿಕ್ಕರೆ ಅವರಿಗೆ ನೆಮ್ಮದಿಯಾದೀತೆಂದು ನಾನೂ ನಂಬಿದ್ದೆ. ಆದರೆ ಇಂಥವರು ಎಷ್ಟು ವರ್ಷದ ಶಿಕ್ಷೆಯನ್ನಾದರೂ ಹೊತ್ತಾರು, ಒಂದೇ ಮಾತಿಗೆ ನೀಗಬಹುದಾಗಿದ್ದ ಆ ತಪ್ಪು ಅದೆಷ್ಟು ಸಣ್ಣದಾಗಿತ್ತೆಂಬ ಅರಿವನ್ನು ಹೊರಲಾರರು.