ಕರಿ ಜೋಡಿ

ದ್ಯಾಮಮ್ಮ ಕೋಳಿಮರಿಯನ್ನು ಎತ್ತಿ ಹಿಡಿದು ಅದರ ಕತ್ತಿನ ಪುಕ್ಕಕ್ಕೆ ಉಫ್ ಎಂದು ಊದಿದಳು. ಪುಕ್ಕ ಬಿಡಿಸಿಕೊಂಡು ಬುಡ ಕಾಣಿಸಿತು. ಅಂಗಳದಲ್ಲಿ ಕಿತ್ತಾಡುತ್ತ ನಿಂತಿದ್ದ ಇಬ್ಬರು ಹೆಂಗಸರೂ ಬಾಯಿ ಮುಚ್ಚಿದರು.

“ಬುಡದಾಗೆ ಕೆಂಪೈತೆ. ಇದು ಕಲ್ಲೇಶನ ಮನೆ ತಳಿ. ಅವರಿಗೇ ಕೊಡ್ರಿ.”

ಸವಳಂಗದ ಪಕ್ಕದ ಆ ಊರಿನಲ್ಲಿ ಕೋಳಿ ಜಗಳಕ್ಕೆ ಪಂಚಾಯ್ತಿ ಬೇಕಿರಲಿಲ್ಲ, ದ್ಯಾಮಮ್ಮನ ಒಂದು ಉಫ್ ಸಾಕಾಗುತ್ತಿತ್ತು. ಕರಿ ಕೋಳಿಯ ಹಿಂದೆ ಬಿಳಿ ಮರಿ ಓಡಾಡಿದರೆ ಯಾವ ಬೀದಿಯ ಬಿಳಿ ಹುಂಜ ಬೇಲಿ ಹಾರಿತ್ತು ಎಂದು ಕೂತಲ್ಲೇ ಹೇಳಿಬಿಡುತ್ತಿದ್ದಳು. ಹುಂಜಗಳಿಗೆ ಎದುರು ಮಾತಾಡಲು ಬರುವುದಿಲ್ಲವಾದ್ದರಿಂದ ಅವಳ ಮಾತು ಇದುವರೆಗೆ ಸುಳ್ಳಾಗಿರಲಿಲ್ಲ.

ಹೆಂಗಸರು ಹೋದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ನಡುಮನೆಯ ತೊಟ್ಟಿಲ ಕಡೆ ನೋಡಿದಳು. “ಪುಕ್ಕ ಸುಳ್ಳು ಹೇಳಲ್ಲ,” ಎಂದಳು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಸೊಸೆ ಹೇಮಾವತಿಯ ಕೈ ನಿಂತಿತು.

ತೊಟ್ಟಿಲಲ್ಲಿದ್ದ ಹೆಣ್ಣುಕೂಸು ಬೆಳ್ಳಗಿತ್ತು, ಬೆಕ್ಕಿನ ಕಣ್ಣಿತ್ತು. ಹೇಮಾವತಿ ಕಪ್ಪು, ಗಂಡ ನಿಂಗರಾಜ್ ಅವಳಿಗಿಂತ ಒಂದು ಕೈ ಮೇಲು. ಬಾಣಂತನ ಮುಗಿಸಿಕೊಂಡು ಜಗಳೂರಿನ ತವರಿಂದ ಬಂದ ದಿನ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಬಟ್ಟೆ ಸರಿಸಿ ಕೂಸಿನ ಮುಖ ನೋಡಿದವಳೇ ತಟ್ಟೆ ಕೆಳಗಿಟ್ಟಳು. “ನಮ್ಮಜ್ಜಿ ಹಿಂಗೇ ಇದ್ಲು ಅತ್ತೆ,” ಎಂದು ಹೇಮಾವತಿ ಎಷ್ಟು ಹೇಳಿದರೂ, ಸತ್ತುಹೋದ ಅಜ್ಜಿಯನ್ನು ಈ ಮನೆಯಲ್ಲಿ ಯಾರು ಕಂಡಿದ್ದರು? ನಿಂಗರಾಜ್ ಕೂಸನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ. ಯುಗಾದಿಯೊಳಗೆ ಇಬ್ಬರನ್ನೂ ಜಗಳೂರಿಗೆ ಬಿಟ್ಟು ಬಾ ಎಂದು ತಾಯಿ ಮಗನಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿತ್ತು. ಹೇಮಾವತಿ ಯಾವ ತಪ್ಪೂ ಮಾಡಿರಲಿಲ್ಲ. ಅವಳಿಗೆ ಭಯವಾಗುತ್ತಿದ್ದುದೇ ಅದಕ್ಕೆ. ತಪ್ಪು ಮಾಡಿದ್ದರೆ ಕಾಲಿಗೆ ಬಿದ್ದಾದರೂ ಉಳಿಯಬಹುದಿತ್ತು.

ಕೋಳಿಗಳಿಗೆ ಲಸಿಕೆ ಹಾಕಲು ನ್ಯಾಮತಿಯಿಂದ ಬಂದ ಪ್ರಮೀಳಾ ಮೇಡಂ ಮಾತಿಗೆ ಮಾತು ಬಂದು ಹೇಳಿದರು: “ಬಣ್ಣದಲ್ಲಿ ತಾಯಿದೊಂದು ಪಾಲು, ತಂದೆದೊಂದು ಪಾಲು ಇರುತ್ತಮ್ಮ. ಜೊತೆಗೆ ಕಪ್ಪಿದ್ರೆ ಈ ಬಿಳಿ ಅಡಗಿ ಕೂರುತ್ತೆ, ಕಾಣಲ್ಲ. ಎರಡೂ ಕಡೆ ಅಡಗಿದ್ದ ಬಿಳಿ ಒಂದೇ ಮೊಟ್ಟೆಗೆ ಬಿತ್ತು ಅನ್ಕೋ, ಕರಿ ಜೋಡಿಗೂ ಬಿಳಿ ಮರಿನೇ.”

“ಮನುಷ್ಯರಿಗೂ ಹಂಗೇನ್ರಿ ಮೇಡಂ?” ಹೇಮಾವತಿ ಕೇಳಿದಳು.

ಪ್ರಮೀಳಾ ತೊಟ್ಟಿಲ ಕಡೆ ನೋಡಿದರು. “ನಮ್ಮದು ಇನ್ನೂ ಗೋಜಲು. ಆದ್ರೆ ಅಡಗಿದ್ದು ಮೊಮ್ಮಕ್ಕಳಲ್ಲಿ ಬರೋದು ನಿಜ.”

ದ್ಯಾಮಮ್ಮ ನಕ್ಕಳು. ಮೇಡಂ ಹೋದ ಮೇಲೆ ತಾನೇ ಒಂದು ಕರಿ ಹುಂಜವನ್ನೂ, ಇನ್ನೂ ಹುಂಜದ ಸಂಗ ಕಾಣದ ಒಂದು ಎಳೆ ಕರಿ ಹ್ಯಾಟೆಯನ್ನೂ ಹಿಡಿದು ತಂದಳು. ಎರಡೂ ಒಂದೇ ಬಿಳಿ ಕೋಳಿಯ ಹೊಟ್ಟೆಯವು, ಆದರೂ ಮೈಮೇಲೆ ಒಂದು ಬಿಳಿ ಪುಕ್ಕವಿರಲಿಲ್ಲ. ಜಾಲರಿ ಗೂಡಿಗೆ ಬಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೀರು, ಕಾಳು ಹಾಕುವುದೂ ಅವಳೇ ಎಂದಾಯಿತು.

“ಇವಕ್ಕೆ ಬಿಳಿ ಹುಟ್ಟಿದ್ರೆ ಕೂಸಿನ ಮಾತು ನಾನು ಎತ್ತಲ್ಲ. ಹುಟ್ಟಲಿಲ್ಲ ಅಂದ್ರೆ ನೀನು ತುಟಿ ಬಿಚ್ಚದಂಗೆ ಬಸ್ ಹತ್ತಬೇಕು.”

ಹೇಮಾವತಿ ಒಪ್ಪಿದಳು. ಒಪ್ಪದೆ ಮಾಡುವುದೇನಿತ್ತು?

ಹ್ಯಾಟೆ ಮೊಟ್ಟೆಯಿಟ್ಟಿತು, ಕಾವಿಗೆ ಕೂತಿತು. ಆ ದಿನಗಳಲ್ಲಿ ಅತ್ತೆ ಜೋರು ಮಾತಾಡಲಿಲ್ಲ. ಸೊಸೆಯ ತಟ್ಟೆಗೆ ತುಪ್ಪ ಬಡಿಸಿದಳು, ಕೂಸಿನ ಬಟ್ಟೆಗಳನ್ನು ತಾನೇ ಒಗೆದು ಮಡಚಿ ಒಂದು ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಟ್ಟಳು. “ಒಂದೇ ಕಡೆ ಇರ್ಲಿ, ಹೊರಡಾಕೆ ಸಲೀಸು,” ಎಂದಳು. ಬೈದಿದ್ದರೆ ಹೇಮಾವತಿ ತಡೆದುಕೊಳ್ಳುತ್ತಿದ್ದಳು. ಈ ತುಪ್ಪ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮರಿಗಳು ಹೊರಬಂದದ್ದು ಒಂದು ಬೆಳಗ್ಗೆ. ಗೂಡಿನ ಮುಂದೆ ಮೊದಲು ಕೂತವಳು ಹೇಮಾವತಿಯೇ. ಹ್ಯಾಟೆಯ ರೆಕ್ಕೆಯಡಿಯಿಂದ ಒಂದು ಕರಿ ತಲೆ ಇಣುಕಿತು, ಮತ್ತೊಂದು ಕರಿ ತಲೆ. ಅವಳು ಬಾಗಿಲ ಪಕ್ಕದ ಚೀಲದ ಕಡೆ ನೋಡಿದಳು. ಆಮೇಲೆ ಅವನ್ನು ತಳ್ಳಿಕೊಂಡು ಬೆಣ್ಣೆ ಬಣ್ಣದ್ದೊಂದು ಹೊರಗೆ ಬಂದು ಕೂಗಿತು.

“ಅತ್ತೆ! ರೀ! ಬರ್ರಿ, ನೋಡ್ರಿ ಇಲ್ಲಿ!” ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

ನಿಂಗರಾಜ್ ಕೂಸನ್ನು ಎತ್ತಿಕೊಂಡೇ ಹೊರಗೆ ಬಂದ. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲಾಗಿತ್ತು. ದ್ಯಾಮಮ್ಮ ಬೀಗ ತೆಗೆದು ಬಿಳಿ ಮರಿಯನ್ನು ಅಂಗೈಗೆ ತೆಗೆದುಕೊಂಡಳು. ಹೊಟ್ಟೆ ನೋಡಿದಳು, ರೆಕ್ಕೆ ಬಿಡಿಸಿದಳು, ಒಂದು ಕರಿ ಚುಕ್ಕೆಗಾಗಿ ಹುಡುಕಿದಳು. ಸಿಗಲಿಲ್ಲ. ಗೂಡಿನ ಸುತ್ತ ಬಾಗಿ ಜಾಲರಿಯನ್ನು ಕೈಯಿಂದ ತಡವಿದಳು. ಎಲ್ಲೂ ತೂತಿರಲಿಲ್ಲ. ಎದ್ದು ನಿಂತಾಗ ಅವಳ ಮುಖ ಬೂದಿ ಬಡಿದಂತಿತ್ತು. ಇಷ್ಟು ವರ್ಷ ತಾನು ಊದಿ ಊದಿ ಹೇಳಿದ್ದೆಲ್ಲ ಅವಳ ಮುಂದೆ ಬಂದು ನಿಂತಿರಬೇಕು.

“ಈ ಹ್ಯಾಟೆ ಕೆಟ್ಟೈತೆ,” ಎಂದಳು.

“ಅವ್ವ, ಕೀಲಿ ನಿನ್ನ ಸೊಂಟದಾಗೇ ಇತ್ತಲ್ಲ!”

“ಕೆಡಬೇಕು ಅಂದೋರಿಗೆ ಬೀಗ ಏನು ಲೆಕ್ಕ? ಇಂಥದ್ದನ್ನ ಮನೇಲಿ ಇಟ್ಕಳಾಕಾಗಲ್ಲ. ಹಿಡಿ ಅದನ್ನ. ಹೇಮಾವತಿ, ನೀರು ಕಾಯಾಕಿಡು, ಪುಕ್ಕ ಕೀಳಬೇಕು.”

“ಮರಿ ಇರೋ ಕೋಳಿ ಅತ್ತೆ...”

ಮರಿ ಇರುವ ಕೋಳಿಯನ್ನು ಆ ಊರಿನಲ್ಲಿ ಯಾರೂ ಕೊಯ್ಯುವುದಿಲ್ಲ. ನಿಂಗರಾಜ್‌ಗೂ ಅದು ಗೊತ್ತು. ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಲಿಲ್ಲ. ಕೂಸನ್ನು ಹೇಮಾವತಿಯ ಕೈಗೆ ದಾಟಿಸಿ ಗೂಡಿನ ಮುಂದೆ ಮಂಡಿಯೂರಿದ.

ಗೂಡಿನ ಬಾಗಿಲು ಪೂರ್ತಿ ತೆರೆದಿತ್ತು. ಅವನ ಕೈ ಹತ್ತಿರ ಬಂದಾಗ ಹ್ಯಾಟೆ ಒಮ್ಮೆ ಕುಕ್ಕಿತು. ಪಕ್ಕದಲ್ಲಿ ನುಸುಳಿ ಓಡಲು ಜಾಗವಿತ್ತು. ಅದು ಏಳಲಿಲ್ಲ. ರೆಕ್ಕೆಗಳನ್ನು ಇನ್ನಷ್ಟು ಹರಡಿ, ಮರಿಗಳ ಮೇಲೆ ಇನ್ನಷ್ಟು ತಗ್ಗಿ ಕೂತಿತು.