ಅರ್ಧ ಸಾಲಿಗೆ ನಿಂತ ಭೋಂಗಾ

ಮುದಕವ್ವನ ಎಮ್ಮೆಗರು ಹೊಳೆಯ ಪಾಲಾದ ದಿನ ನಮ್ಮ ಭೋಂಗಾ ಕೂಗಲೇ ಇಲ್ಲ. ಭೋಂಗಾ ಅಂದರೆ ಏನೆಂದು ಗೋಕಾಕದವರಿಗೆ ಹೇಳಬೇಕಿಲ್ಲ. ಬೇರೆಯವರು ಸೈರನ್ ಎಂದುಕೊಳ್ಳಿ. ನಮ್ಮೂರ ರೈತ ಸಂಘದ ಪಂಪ್‌ಮನೆ ಘಟಪ್ರಭೆಯ ದಂಡೆಯ ಮೇಲಿದೆ. ಹೊಳೆ ಏರಿದರೆ ನೀರಿನಲ್ಲಿ ತೇಲಬಿಟ್ಟ ಬುರುಡೆ ಮೇಲೇಳಬೇಕು, ಒಳಗಿನ ಕಂಪ್ಯೂಟರಿಗೆ ತಿಳಿಯಬೇಕು, ಅದು ಭೋಂಗಾ ಕೂಗಿಸಬೇಕು. 1999ರ ಮಳೆಗಾಲಕ್ಕೆಂದು ಇದನ್ನು ಕಟ್ಟಿದವರು ನಾನು ಮತ್ತು ಹುಕ್ಕೇರಿಯ ನನ್ನ ಮೌಶಿಯ, ಅಂದರೆ ಚಿಕ್ಕಮ್ಮನ, ಮಗ ನಿತಿನ. ನನಗೆ ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇತ್ತು. ಅವನಿಗೆ ಎಂಜಿನಿಯರಿಂಗ್ ಮುಗಿದಿತ್ತು, ನೌಕರಿ ಸಿಕ್ಕಿರಲಿಲ್ಲ.

ಮುದಕವ್ವ ನಡುಹೊಳೆಯ ದಿಬ್ಬದಲ್ಲಿ ಎಮ್ಮೆ ಮೇಯಿಸುತ್ತಿದ್ದಳು. ಅವಳ ಕಣ್ಣು ಮಂದ, ಕಿವಿ ಚುರುಕು. ಭೋಂಗಾ ಬಂದ ಮೇಲೆ ನೀರಿನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಬೈಸಿಕೊಳ್ಳಲು ತಯಾರಾಗಿಯೇ ಅವಳ ಮನೆಗೆ ಹೋದೆ.

"ಭೋಂಗಾ ಆಗಲಿಲ್ಲವ್ವಾ, ಅದಕ್ಕ ಕುಂತಿದ್ನಿ," ಅಂದಳು ಅಷ್ಟೇ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಳೆಯಿಂದ ದಿಬ್ಬಕ್ಕೆ ಹೋಗಬೇಡ ಎಂದೆ.

"ಹುಲ್ಲು ಅಲ್ಲೇ ಐತಲ್ಲ. ನೀ ಅದನ್ನಷ್ಟ ಚಂದಂಗ ಮಾಡಿಡು."

ಆ ಮಾತಿಗೆ ನನಗೆ ನಿಜವಾಗಿ ಭಯವಾಯಿತು. ಇಂದು ಕರು ಹೋಗಿತ್ತು; ಇನ್ನೊಮ್ಮೆ ಯಂತ್ರ ಸುಮ್ಮನಿದ್ದರೆ ಮುದಕವ್ವನೇ ಹೋಗುತ್ತಾಳೆ.

ಮರುದಿನ ನಿತಿನನ ಜೊತೆ ಪಂಪ್‌ಮನೆಗೆ ಹೋದಾಗ ಸಂಘದ ಚೇರಮನ್ ಬಾಪುಸಾಹೇಬ ಕಾಕಾ ಬಾಗಿಲಲ್ಲೇ ನಿಂತಿದ್ದರು. ನೀರು ಒಂದಿಂಚು ಏರಲಿ ಇಳಿಯಲಿ, ಅದು ಕಾಗದದ ಮೇಲೆ ಅಚ್ಚಾಗಿ ಬರಬೇಕೆಂದು ಹಟ ಹಿಡಿದವರು ಅವರೇ. ಪಂಪಿನ ಪಾಳಿಗಾಗಿ ಸದಸ್ಯರು ಜಗಳ ತೆಗೆದರೆ ಅವರಿಗೆ ತೋರಿಸಲು ಅದು ಬೇಕಿತ್ತು. ಹೀಗಾಗಿ ಕಂಪ್ಯೂಟರಿನ ತಿರುಳಾದ ಕರ್ನೆಲ್ಲೇ ಪ್ರತಿ ಸುದ್ದಿಯನ್ನೂ ಕರ್‌ ಕರ್‌ ಎನ್ನುವ ಪ್ರಿಂಟರಿಗೆ ಬರೆಯುತ್ತಿತ್ತು.

"ಕೆಟ್ಟೈತಿ ಅಂದ್ರ ಕಿತ್ತು ಒಗೀರಿ," ಅಂದರು ಕಾಕಾ.

"ಕೆಟ್ಟಿಲ್ರಿ ಕಾಕಾ," ಅಂದ ನಿತಿನ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದವನು ಅವನು.

ಬುರುಡೆಯನ್ನು ಬಕೆಟ್ಟಿನಲ್ಲಿಟ್ಟು ನಿಧಾನಕ್ಕೆ ನೀರು ಸುರಿದೆವು. ಭೋಂಗಾ ಕೂಗಿತು. ಬಡಬಡ ಸುರಿದೆವು. ಒಮ್ಮೆ ಕೂಗಿತು, ಒಮ್ಮೆ ಇಡೀ ಯಂತ್ರವೇ ಕಲ್ಲಾಗಿ ನಿಂತಿತು. ಎಲ್ಲಿ ನಿಲ್ಲುತ್ತದೆಂದು ತಿಳಿಯಲು ನಿತಿನ ಹೆಜ್ಜೆಹೆಜ್ಜೆಗೂ ಒಂದು ಸಾಲು ಅಚ್ಚಾಗುವಂತೆ ಮಾಡಿದ. ಆಗ ಇನ್ನೂ ಹೆಚ್ಚು ಸಲ ನಿಲ್ಲತೊಡಗಿತು. ಸಿಟ್ಟಿನಿಂದ ಎಲ್ಲ ಸಾಲುಗಳನ್ನೂ ತೆಗೆದು ಹಾಕಿದ. ಆಮೇಲೆ ಕೊಡಗಟ್ಟಲೆ ಸುರಿದರೂ ನಿಲ್ಲಲಿಲ್ಲ.

"ಅಕ್ಕಾ, ನೋಡಾಕ ಹ್ವಾದ್ರ ನಿಲ್ಲತೈತಿ, ನೋಡದಿದ್ರ ನಡೀತೈತಿ. ಇದೇನು ಹೊಸ ಸೊಸಿ ಏನ?"

ನಗು ಬಂತು, ಆದರೆ ಕಾಕಾಗೆ ಕಾಗದ ಬೇಕೇ ಬೇಕು. ಚೆಲ್ಲಾಡಿದ್ದ ಕಾಗದಗಳನ್ನು ಆರಿಸುತ್ತ ಕುಳಿತಾಗ ಒಂದು ವಿಚಿತ್ರ ಕಂಡಿತು. ಯಂತ್ರ ನಿಂತ ಪ್ರತಿ ಸಲವೂ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. 'ನೀರು ಏ' ಎಂದು ಒಂದರಲ್ಲಿ, ಬರೀ 'ನೀ' ಎಂದು ಇನ್ನೊಂದರಲ್ಲಿ. ಪೂರ್ಣ ಸಾಲು ಬರೆದು ನಿಂತ ಕಾಗದ ಒಂದೂ ಇರಲಿಲ್ಲ. ಬರೆಯುತ್ತ ಬರೆಯುತ್ತಲೇ ಅದಕ್ಕೆ ಏನಾಗುತ್ತಿತ್ತು? ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಮನೆಯಲ್ಲಿ ಅತ್ತೆ ಜಿನ್ನವ್ವ ಗೋಧಿಯ ಡಬ್ಬಿ ಹಿಡಿದು ಕಾಯುತ್ತಿದ್ದರು. ನಿಪ್ಪಾಣಿಯ ಬೀಗರು ಬಂದಿದ್ದರು, ಹಿಟ್ಟು ತೀರಿತ್ತು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ನಾನು ಡಬ್ಬಿ ಎತ್ತಿಕೊಂಡು ಕೇದಾರಿಯ ಗಿರಣಿಗೆ ಓಡಿದೆ.

ನಮ್ಮಲ್ಲಿ ಗಿರಣಿಯ ಮುಂದೆ ಜನ ಪಾಳಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಡಬ್ಬಿ ಇಟ್ಟು ಮನೆಗೆ ಹೋದರೆ ಕೇದಾರಿ ಪಾಳಿಯ ಪ್ರಕಾರ ಬೀಸಿಡುತ್ತಾನೆ. ಅಂದು ನನಗೆ ಅಷ್ಟು ತಾಳ್ಮೆ ಎಲ್ಲಿತ್ತು?

"ಬಂದ್ ಮಾಡೋ ಕೇದಾರಿ. ಮೊದಲ ನಂದು ಹಾಕು."

ಅವನು ಗಿರಣಿ ಬಂದ್ ಮಾಡಿದ. ಮಾಡಿ, ಕೈಕಟ್ಟಿ ನಿಂತ.

"ಹಾಕೋ."

"ಹೆಂಗ ಹಾಕ್ಲಿ ಅಕ್ಕಾರ? ಒಳಗ ಲಗಮವ್ವನ ಜ್ವಾಳ ಅರ್ಧಾ ಉಳದೈತಿ. ಅದು ಇಳೀಬೇಕಂದ್ರ ಗಿರಣಿ ಸುರು ಆಗಬೇಕು."

"ನಂದು ಆಗೂತನಕ ಸುರು ಮಾಡಬ್ಯಾಡ."

"ಅದು ಇಳಿಯೂತನಕ ನಿಮ್ದು ಆಗಂಗಿಲ್ರಿ."

ಕಟ್ಟೆಯ ಮೇಲಿದ್ದ ಲಗಮವ್ವ ಎಲೆಯಡಿಕೆ ಉಗುಳಿ, "ಹಂಗಾರ ಮೂರೂ ಮಂದಿ ಇಲ್ಲೇ ಮುದುಕರಾಗೂಣು," ಅಂದಳು.

ನಾನು ಗಿರಣಿಯ ಬಾಯೊಳಗೆ ಇಣುಕಿ ನೋಡಿದೆ. ಅರ್ಧ ಇಳಿದ ಜೋಳ. ಅರ್ಧಕ್ಕೆ ನಿಂತ ಸಾಲು. ಅಯ್ಯ, ನಮ್ಮ ಯಂತ್ರದೊಳಗೂ ನನ್ನಂಥವಳೇ ಒಬ್ಬಳು ನಿಂತಿದ್ದಳಲ್ಲ! ಡಬ್ಬಿಯನ್ನು ಪಾಳಿಯ ಕೊನೆಗಿಟ್ಟು ಪಂಪ್‌ಮನೆಗೆ ಓಡಿದೆ. ಹಿಟ್ಟಿಲ್ಲದೆ ಬೀಗರು ಅಂದು ಅವಲಕ್ಕಿ ತಿಂದರಂತೆ. ಅತ್ತೆ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

"ನಿತಿನಾ, ಪ್ರಿಂಟರಿಗೆ ಒಬ್ಬರು ಬರೆಯೂವಾಗ ಇನ್ನೊಬ್ಬರು ಕೈ ಹಾಕಬಾರದಂತ ಚಿಲಕ ಇಟ್ಟಿಯಲ್ಲ?"

"ಹೌದು. ಇಲ್ಲಂದ್ರ ಸಾಲು ಸಾಲಿನಾಗ ಕಲಸತಾವು."

"ಕರ್ನೆಲ್ ಚಿಲಕಾ ಹಾಕ್ಕೊಂಡು ಒಂದು ಸಾಲು ಬರ್ಯಾಕತ್ತಿರತೈತಿ. ನಡುವ ನೀರು ಏರತೈತಿ. ಬುರುಡಿ ಬಂದು, 'ಎಲ್ಲಾ ಬಿಡು, ಮೊದಲ ನಂದು' ಅಂತೈತಿ. ಅದು ಬರಿಯೂದು ಬಿಟ್ಟು ಇದರ ಕೆಲಸಕ್ಕ ನಿಲ್ಲತೈತಿ. ಇದರ ಮೊದಲನೇ ಕೆಲಸಾ ಏನು?"

"ನೀರು ಏರೈತಿ ಅಂತ ಬರಿಯೂದು." ನಿತಿನನ ಮುಖ ಬಣ್ಣಗೆಟ್ಟಿತು. "ಅದಕ್ಕ ಚಿಲಕಾ ಬೇಕು. ಚಿಲಕಾ ಅರ್ಧಕ್ಕ ಬಿಟ್ಟವನ ಕೈಯಾಗ ಐತಿ. ಇದು ಮುಗಿಯೂತನಕ ಅಂವ ಏಳಂಗಿಲ್ಲ, ಅಂವ ಏಳೂತನಕ ಇದು ಮುಗಿಯಂಗಿಲ್ಲ."

ಸಾಲು ಹೆಚ್ಚಿಸಿದಷ್ಟೂ ಏಕೆ ಹೆಚ್ಚು ನಿಲ್ಲುತ್ತಿತ್ತೆಂದು ಇಬ್ಬರಿಗೂ ಆಗ ತಿಳಿಯಿತು. ಬರೆಯುವ ಹೊತ್ತು ಹೆಚ್ಚಾದರೆ ಆ ಹೊತ್ತಿನಲ್ಲೇ ಬುರುಡೆ ಬಂದು ಅಡ್ಡ ನಿಲ್ಲುವುದೂ ಹೆಚ್ಚು. ಹೊಳೆ ಭರದಿಂದ ಏರುವ ದಿನವಂತೂ ಪ್ರಿಂಟರಿಗೆ ಬಿಡುವೇ ಇರುವುದಿಲ್ಲ. ಯಾವತ್ತು ಕೂಗಬೇಕೋ ಅವತ್ತೇ ನಮ್ಮ ಭೋಂಗಾ ಮೂಕ.

"ಮೊದಲ ಭೋಂಗಾ ಕೂಗಿಸಿ ಆಮ್ಯಾಲ ಬರದ್ರ?" ಎಂದ.

"ಕೂಗಿದ ಮ್ಯಾಲ ನಿಂತರೂ ನಿಂತಂಗ ಅಲ್ಲೇನೋ. ಮುಂದಿನ ಸಲಾ ಕೂಗೂದ್ಯಾರು? ಬುರುಡಿ ಚಿಲಕಾ ಕೇಳಬಾರದು. ಡಬ್ಬಿ ಇಟ್ಟು ಹೋಗಬೇಕು."

ಅವನಿಗೆ ಗಿರಣಿಯ ಕಥೆ ಹೇಳಬೇಕಾಯಿತು. ಬಿದ್ದು ಬಿದ್ದು ನಕ್ಕ. ಆಮೇಲೆ ಕುಳಿತು, ಬುರುಡೆಯ ಸುದ್ದಿಗೆಂದೇ ಕಂಪ್ಯೂಟರಿನ ನೆನಪಿನಲ್ಲಿ ಬೇರೆ ಜಾಗ ಮಾಡಿದ. ಬುರುಡೆ ಅಲ್ಲಿ ಸುದ್ದಿ ಇಟ್ಟು, ಭೋಂಗಾ ಕೂಗಿಸಿ, ಹೋಗಿಬಿಡಬೇಕು. ಕೈಯಲ್ಲಿದ್ದ ಸಾಲು ಮುಗಿದ ಮೇಲೆ ಕರ್ನೆಲ್ ಅದನ್ನು ಎತ್ತಿ ಪಾಳಿಯಂತೆ ಅಚ್ಚು ಹಾಕಬೇಕು.

"ಡಬ್ಬಿ ಇಡಾಕ ಜಾಗಾ ಉಳೀಲಿಲ್ಲ ಅಂದ್ರ?"

"ಒಂದು ಸಾಲು ಹಾಳಾಗಿ ಹೋಗ್ಲಿ. ಮುದಕವ್ವ ಹೋಗಬಾರದು."

ಅಂದು ರಾತ್ರಿ ಬಕೆಟ್ಟಿನ ಪರೀಕ್ಷೆಯಲ್ಲಿ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಬಕೆಟ್ಟನ್ನು ನಂಬುವ ಕಾಲ ನನಗೆ ಮುಗಿದಿತ್ತು.

ಮುಂದಿನ ವಾರ ಮೇಲಿನ ಊರುಗಳಲ್ಲಿ ಮಳೆ ಹೊಡೆಯಿತು. ನಾನು, ನಿತಿನ, ಕಾಕಾ ಪಂಪ್‌ಮನೆಯಲ್ಲಿದ್ದೆವು. ಮುದಕವ್ವ ದಿಬ್ಬದಲ್ಲಿ ಹೊಳೆಗೆ ಬೆನ್ನು ಮಾಡಿ ಕುಳಿತಿದ್ದಳು. ಕೂಗಿ ಕರೆಯೋಣವೆಂದರೆ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಪ್ರಿಂಟರ್ ಹಿಂದಿನ ಸಾಲುಗಳನ್ನೇ ಕರ್‌ ಕರ್‌ ಎಂದು ಹೊಡೆಯುತ್ತಿತ್ತು. ನಾನು ಕಾಗದವನ್ನೇ ನೋಡುತ್ತಿದ್ದೆ. 'ನೀರು ಏ' ಎಂದು ಮೂಡಿತು, ಅಷ್ಟರಲ್ಲಿ ತಲೆಯ ಮೇಲೆ ಭೋಂಗಾ ಕೂಗಿತು. ಕಾಗದದ ಮೇಲೆ ಆ ಸಾಲು ಪೂರ್ತಿಯಾಯಿತು.

"ಇದು ಹಳೇ ಇಂಚಿಂದು," ಅಂದರು ಕಾಕಾ ಕನ್ನಡಕ ಏರಿಸಿ. "ಕಾಗದದಾಗ ಇಲ್ಲದ್ದಕ್ಕ ಭೋಂಗಾ ಯಾಕ ಕೂಗಾಕತ್ತೈತಿ?"

ನಾನು ಬೆರಳು ಮಾಡಿ ದಿಬ್ಬ ತೋರಿಸಿದೆ. ಅತ್ತ ಮುದಕವ್ವ ಎದ್ದು, ಎಮ್ಮೆಯ ಬಾಲ ಹಿಡಿದು, ಮೊಣಕಾಲು ನೀರಿನಲ್ಲಿ ಈಚೆ ಬರುತ್ತಿದ್ದಳು. ಅವಳು ದಂಡೆ ಹತ್ತಿದಾಗ ದಿಬ್ಬದ ಹುಲ್ಲಿನ ತುದಿ ಮಾತ್ರ ಕಾಣುತ್ತಿತ್ತು. ಎಮ್ಮೆಯನ್ನು ಕಂಬಕ್ಕೆ ಕಟ್ಟಿ ಒಳಗೆ ಬಂದು ಸೆರಗು ಹಿಂಡತೊಡಗಿದಳು. ಆಗ ಪ್ರಿಂಟರ್ ಇನ್ನೊಂದು ಸಾಲು ಹೊಡೆಯಿತು. ಕಾಕಾ ಅದನ್ನು ಹರಿದು ಗಟ್ಟಿಯಾಗಿ ಓದಿದರು: "ನೀರು ಏರಿದೆ. ಎಚ್ಚರ."

ಮುದಕವ್ವ ಸೆರಗು ಝಾಡಿಸಿದಳು.

"ಅದು ನನಗ ಆಗಲೇ ಗೊತ್ತಾತ್ರಿ ಸಾವಕಾರ. ನೀವು ಈಗ ಓದ್ರಿ."